ಹೊಗೆ ಹೇಳುವ ಲೆಕ್ಕ: ಮಾರ್ಪಡಿಸಿದ ಕಾರಿಗೆ ಎಂಥ ಎಎಫ್‌ಆರ್ ಗೇಜ್?

ಹಳೆಯ ಮೆಕ್ಯಾನಿಕ್‌ಗಳು ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ಮೂತಿಯ ಬಣ್ಣ ನೋಡಿಯೇ ಎಂಜಿನ್ನಿನ ಆರೋಗ್ಯ ಹೇಳಿಬಿಡುತ್ತಿದ್ದರು. ಮಸಿ ಹಿಡಿದು ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು, ಅಂದರೆ ಮಿಕ್ಸ್ಚರ್ ‘ರಿಚ್’. ಬೆಳ್ಳಗೆ ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚು, ಅಂದರೆ ‘ಲೀನ್’. ತಿಳಿ ಕಂದು ಬಣ್ಣವಿದ್ದರೆ ಎಲ್ಲವೂ ಸರಿ. ಕಾರ್ಬುರೇಟರ್ ಕಾಲದ ಗಾಡಿಗಳಿಗೆ ಇಷ್ಟು ಸಾಕಿತ್ತು. ಈಗ ಟರ್ಬೊ ಒತ್ತಡ ಏರಿಸಿ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನ ಮ್ಯಾಪ್ ಬದಲಿಸಿ, ದೊಡ್ಡ ಇಂಜೆಕ್ಟರ್ ಕೂರಿಸಿದ ಕಾರುಗಳಿವೆ. ಆಕ್ಸಿಲರೇಟರ್ ಪೂರ್ತಿ ಒತ್ತಿದ ಆ ನಾಲ್ಕೈದು ಸೆಕೆಂಡುಗಳಲ್ಲಿ ಒಳಗೆ ಏನಾಯಿತು ಎಂಬುದನ್ನು ಪ್ಲಗ್ಗಿನ ಬಣ್ಣ ಹೇಳಲಾರದು. ವೈಡ್‌ಬ್ಯಾಂಡ್ ಎಎಫ್‌ಆರ್ (ಗಾಳಿ-ಇಂಧನ ಅನುಪಾತ) ಗೇಜ್ ಬೇಕಾಗುವುದು ಅಲ್ಲಿ.

ಕೊಳ್ಳಲು ಹೋದವರ ಕಣ್ಣಿಗೆ ಮೊದಲು ಬೀಳುವುದು 52 ಮಿಲಿಮೀಟರಿನ ದುಂಡನೆಯ ಡಯಲ್ಲು, ಅದರಲ್ಲಿ ಹೊಳೆಯುವ ಅಂಕಿ. ಆದರೆ ಉಪಕರಣದ ಗುಣ ನಿರ್ಧಾರವಾಗುವುದು ಎಕ್ಸಾಸ್ಟ್ ಕೊಳವೆಯೊಳಗೆ ಕೂತ ಸೆನ್ಸರಿನಲ್ಲಿ. ಹೆಸರಿಗೆ ಗಾಳಿ-ಇಂಧನ ಅನುಪಾತದ ಗೇಜ್ ಆದರೂ ಅದು ಗಾಳಿಯನ್ನೂ ಅಳೆಯುವುದಿಲ್ಲ, ಪೆಟ್ರೋಲನ್ನೂ ಅಳೆಯುವುದಿಲ್ಲ. ಉರಿದ ಮೇಲೆ ಹೊರಬಂದ ಹೊಗೆಯಲ್ಲಿ ಆಮ್ಲಜನಕ ಎಷ್ಟು ಮಿಕ್ಕಿದೆ, ಇಲ್ಲವೇ ಎಷ್ಟು ಸಾಲದಾಗಿದೆ ಎಂಬುದಷ್ಟೇ ಅದರ ಲೆಕ್ಕ. ಈ ಒಂದು ಸಂಗತಿ ನೆನಪಿದ್ದರೆ ಯಾವುದನ್ನು ಕೊಳ್ಳಬೇಕು, ಎಲ್ಲಿ ಕೂರಿಸಬೇಕು, ಯಾವಾಗ ನಂಬಬಾರದು ಎಂಬ ಪ್ರಶ್ನೆಗಳು ಬಹುಮಟ್ಟಿಗೆ ಬಗೆಹರಿಯುತ್ತವೆ.

14.7ರ ಆಚೆ ಈಚೆ

ಒಂದು ಕಿಲೋ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಪೆಟ್ರೋಲೂ ಉಳಿಯದೆ ಆಮ್ಲಜನಕವೂ ಉಳಿಯದೆ ಲೆಕ್ಕ ಚುಕ್ತಾ ಆಗುವ ಈ ಹದಕ್ಕೆ ಎಂಜಿನಿಯರ್‌ಗಳು ‘ಲ್ಯಾಂಬ್ಡಾ 1’ ಎನ್ನುತ್ತಾರೆ. ಅದಕ್ಕಿಂತ ಹೆಚ್ಚಾದರೆ ಲೀನ್, ಕಡಿಮೆಯಾದರೆ ರಿಚ್. ಹೊಗೆಯಲ್ಲಿನ ವಿಷಾನಿಲಗಳನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕೆಲಸ ಮಾಡುವುದು ಲ್ಯಾಂಬ್ಡಾ 1ರ ಆಸುಪಾಸಿನ ಕಿರಿದಾದ ಪಟ್ಟಿಯಲ್ಲಿ ಮಾತ್ರ. ಹಾಗಾಗಿ ನಿಧಾನವಾಗಿ ಓಡುವಾಗ ಇಸಿಯು ಮಿಶ್ರಣವನ್ನು ಅಲ್ಲೇ ಹಿಡಿದಿಡುತ್ತದೆ.

ಪೂರ್ತಿ ಶಕ್ತಿ ಬೇಕಾದಾಗ ಮಾತು ಬೇರೆ. ಸಿಲಿಂಡರಿಗೆ ಹಿಡಿಸುವ ಗಾಳಿಗೆ ಮಿತಿಯಿದೆ. ಅದರಲ್ಲಿನ ಆಮ್ಲಜನಕ ಕಿಂಚಿತ್ತೂ ವ್ಯರ್ಥವಾಗಬಾರದೆಂದರೆ ಪೆಟ್ರೋಲನ್ನು ತುಸು ಧಾರಾಳವಾಗಿ ಕೊಡಬೇಕು. ಟರ್ಬೊ ಇಲ್ಲದ ಎಂಜಿನ್ನು ಗರಿಷ್ಠ ಶಕ್ತಿ ಕೊಡುವುದು ಸುಮಾರು 12.5ರಿಂದ 13ರ ನಡುವೆ. ಟರ್ಬೊ ಕಾರುಗಳನ್ನು ಟ್ಯೂನ್ ಮಾಡುವವರು ಸಾಮಾನ್ಯವಾಗಿ 11.5ರಿಂದ 12ಕ್ಕೆ ಇಳಿಸುತ್ತಾರೆ. ಹೆಚ್ಚುವರಿ ಪೆಟ್ರೋಲ್ ಆವಿಯಾಗುವಾಗ ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಅದೇ ಒತ್ತಡದಲ್ಲಿ ಮಿಶ್ರಣ ಲೀನ್ ಆದರೆ ಬಿಸಿ ಏರಿ, ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ನಾಕಿಂಗ್ ಎಂದರೆ ಇದೇ. ಹೆಚ್ಚು ಹೊತ್ತು ನಡೆದರೆ ಪಿಸ್ಟನ್ನಿನ ಅಂಚು ಮುರಿಯಬಹುದು, ತಲೆ ಕರಗಿ ತೂತು ಬೀಳಬಹುದು.

ನೆರ್ನ್‌ಸ್ಟ್ ದೀಪದಿಂದ ಸೈಲೆನ್ಸರ್‌ವರೆಗೆ

ಆಮ್ಲಜನಕವನ್ನು ಅಳೆಯುವ ಈ ವಿದ್ಯೆಯ ಬೇರು 19ನೇ ಶತಮಾನದ ಜರ್ಮನಿಯಲ್ಲಿದೆ. ವಾಲ್ಟರ್ ನೆರ್ನ್‌ಸ್ಟ್ 1889ರಲ್ಲಿ, ಎರಡು ಬದಿಗಳಲ್ಲಿನ ಸಾಂದ್ರತೆಯ ವ್ಯತ್ಯಾಸದಿಂದ ಎಷ್ಟು ವೋಲ್ಟೇಜ್ ಹುಟ್ಟುತ್ತದೆ ಎಂಬ ಸಮೀಕರಣ ಕೊಟ್ಟರು. ಕೆಲವು ವರ್ಷಗಳ ನಂತರ ಜಿರ್ಕೋನಿಯಮ್ ಆಕ್ಸೈಡಿಗೆ ಇಟ್ರಿಯಮ್ ಆಕ್ಸೈಡ್ ಬೆರೆಸಿದ ಪಿಂಗಾಣಿ ಕಡ್ಡಿಯಿಂದ ವಿದ್ಯುತ್ ದೀಪವನ್ನೂ ಮಾಡಿದರು. ಬಿಸಿಯಾದಾಗ ಈ ಪಿಂಗಾಣಿ ಆಮ್ಲಜನಕದ ಅಯಾನುಗಳನ್ನು ತನ್ನ ಮೂಲಕ ಹಾದುಹೋಗಲು ಬಿಡುತ್ತದೆ. ಆ ಸಮೀಕರಣ, ಈ ಪಿಂಗಾಣಿ ಎರಡೂ ಕೂಡಿದ್ದೇ ಕಾರಿನ ಆಕ್ಸಿಜನ್ ಸೆನ್ಸರ್. ಜರ್ಮನಿಯ ಬಾಷ್ ಕಂಪನಿ 1976ರಲ್ಲಿ ಇದರ ಉತ್ಪಾದನೆ ಶುರುಮಾಡಿತು. ಮೊದಲು ಬಳಸಿದ್ದು ವೋಲ್ವೊ.

ಪಿಂಗಾಣಿಯ ಒಂದು ಬದಿಗೆ ಹೊರಗಿನ ಗಾಳಿ, ಇನ್ನೊಂದು ಬದಿಗೆ ಹೊಗೆ. ಹೊಗೆಯಲ್ಲಿ ಆಮ್ಲಜನಕವಿಲ್ಲದಿದ್ದರೆ ಸುಮಾರು 0.9 ವೋಲ್ಟ್, ಇದ್ದರೆ ಸುಮಾರು 0.1 ವೋಲ್ಟ್. ನಡುವಿನ ಜಿಗಿತವೆಲ್ಲ ಲ್ಯಾಂಬ್ಡಾ 1ರ ಹತ್ತಿರವೇ ಮುಗಿದುಹೋಗುತ್ತದೆ. ಇದು ನ್ಯಾರೋಬ್ಯಾಂಡ್ ಸೆನ್ಸರ್. ರಿಚ್ ಹೌದೋ ಅಲ್ಲವೋ ಎಂದು ಹೇಳುತ್ತದೆ. ಎಷ್ಟು ರಿಚ್ ಎಂದು ಹೇಳಲಾರದು. ಕಂಪನಿ ಸೆನ್ಸರಿನ ವೈರಿಗೆ ಸಿಕ್ಕಿಸಿ ಬಣ್ಣಬಣ್ಣದ ಎಲ್‌ಇಡಿ ಮಿನುಗಿಸುವ ಅಗ್ಗದ ಗೇಜ್‌ಗಳ ಹಣೆಬರಹವೂ ಇಷ್ಟೇ. 11.5ಕ್ಕೂ 13ಕ್ಕೂ ಅವುಗಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ನಮಗೆ ಬೇಕಿರುವುದು ಅದೇ.

ವೈಡ್‌ಬ್ಯಾಂಡ್ ಸೆನ್ಸರಿನಲ್ಲಿ ಅದೇ ಪಿಂಗಾಣಿಯ ಎರಡು ಪದರಗಳಿವೆ, ನಡುವೆ ಕೂದಲೆಳೆಯಷ್ಟು ಸಂದು. ಹೊಗೆ ಆ ಸಂದಿನೊಳಗೆ ಇಳಿಯುತ್ತದೆ. ಒಂದು ಪದರ ಅಲ್ಲಿನ ಆಮ್ಲಜನಕವನ್ನು ಗಮನಿಸುತ್ತಿದ್ದರೆ, ಇನ್ನೊಂದು ಪದರ ಆಮ್ಲಜನಕವನ್ನು ಪಂಪ್ ಮಾಡುತ್ತದೆ. ಲೀನ್ ಇದ್ದರೆ ಹೊರಕ್ಕೆ, ರಿಚ್ ಇದ್ದರೆ ಒಳಕ್ಕೆ. ಸಂದಿನಲ್ಲಿ ಸದಾ ಲ್ಯಾಂಬ್ಡಾ 1 ಇರುವಂತೆ, ಅಂದರೆ ಮೊದಲ ಪದರ 0.45 ವೋಲ್ಟ್ ತೋರುತ್ತಲೇ ಇರುವಂತೆ. ಸಂಪಿನಿಂದ ಎಷ್ಟು ನೀರು ಸೋರುತ್ತಿದೆ ಎಂದು ತಿಳಿಯಲು, ಮಟ್ಟ ಇಳಿಯದಂತೆ ಮೋಟರ್ ಓಡಿಸಿ ಮೋಟರ್ ಎಷ್ಟು ನೀರು ತುಂಬಿತು ಎಂದು ಲೆಕ್ಕ ಹಾಕಿದ ಹಾಗೆ. ಪಂಪಿಗೆ ಹರಿದ ಕರೆಂಟಿನ ದಿಕ್ಕು ರಿಚ್ಚೋ ಲೀನೋ ಎಂದು ಹೇಳುತ್ತದೆ. ಅದರ ಪ್ರಮಾಣ ಎಷ್ಟು ಎಂದು ಹೇಳುತ್ತದೆ.

ಡಯಲ್ಲಿಗಿಂತ ಮೊದಲು ಕೇಳಬೇಕಾದ್ದು

ಹೀಗಾಗಿ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಇದರಲ್ಲಿರುವ ಸೆನ್ಸರ್ ಯಾವುದು ಎಂಬುದು. ಹೆಚ್ಚು ಬಳಕೆಯಲ್ಲಿರುವುದು ಬಾಷ್‌ನ ಎಲ್‌ಎಸ್‌ಯು 4.9. ಹಿಂದಿನ 4.2 ಮಾದರಿ ಹೋಲಿಕೆಗೆ ಹೊರಗಿನ ಗಾಳಿಯನ್ನೇ ನೆಚ್ಚಿಕೊಂಡಿತ್ತು. 4.9 ತನಗೆ ಬೇಕಾದ ಹೋಲಿಕೆಯ ಆಮ್ಲಜನಕವನ್ನು ಸಣ್ಣ ಕರೆಂಟಿನಿಂದ ತಾನೇ ಒದಗಿಸಿಕೊಳ್ಳುತ್ತದೆ, ಆದ್ದರಿಂದ ದಿನಗಳೆದಂತೆ ಲೆಕ್ಕ ತಪ್ಪುವುದು ಕಡಿಮೆ. ಎಇಎಂ ಎಕ್ಸ್-ಸೀರೀಸ್, ಇನ್ನೊವೇಟ್ ಎಂಟಿಎಕ್ಸ್-ಎಲ್ ಪ್ಲಸ್ ಗೇಜ್‌ಗಳೆರಡೂ ಬಳಸುವುದು ಇದನ್ನೇ. ಒಂದು ಸಂಗತಿ ಗಮನದಲ್ಲಿರಲಿ: ಪ್ರತಿ ಸೆನ್ಸರಿನ ಸಣ್ಣ ವ್ಯತ್ಯಾಸವನ್ನು ಸರಿದೂಗಿಸುವ ರೆಸಿಸ್ಟರ್ ಅದರ ಕನೆಕ್ಟರಿನೊಳಗೇ ಇರುತ್ತದೆ. ವೈರ್ ಸಾಲದೆಂದು ಕನೆಕ್ಟರ್ ಕತ್ತರಿಸಿ ಜೋಡಿಸಿದರೆ ಫ್ಯಾಕ್ಟರಿಯ ಹೊಂದಾಣಿಕೆಯೂ ಅದರೊಂದಿಗೆ ಹೋಗುತ್ತದೆ. ಸೆನ್ಸರ್ ಸವೆಯುವ ವಸ್ತು. ಬದಲಿ ಸೆನ್ಸರ್ ಸುಲಭವಾಗಿ ಸಿಗುತ್ತದೆಯೇ, ಅಸಲಿಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಎರಡನೆಯದು, ಗೇಜಿನಿಂದ ಇಸಿಯುಗೆ ಹೋಗುವ ಸಂದೇಶ. ಅನೇಕ ಗೇಜ್‌ಗಳು 0ರಿಂದ 5 ವೋಲ್ಟಿನ ಅನಲಾಗ್ ತಂತಿ ಕೊಡುತ್ತವೆ. 0 ವೋಲ್ಟಿಗೆ 10, 5 ವೋಲ್ಟಿಗೆ 20 ಎಂಬ ಅಳತೆಯಿದ್ದರೆ ಒಂದು ವೋಲ್ಟಿಗೆ ಎರಡು ಅಂಶ. ಅರ್ಥಿಂಗ್ ಸರಿಯಿಲ್ಲದೆ ಬರೇ 0.1 ವೋಲ್ಟ್ ಹೆಚ್ಚುಕಡಿಮೆಯಾದರೂ 11.8 ಇದ್ದದ್ದು ಇಸಿಯುಗೆ 12.0 ಎಂದು ಕಾಣುತ್ತದೆ. ಸೆನ್ಸರಿನೊಳಗಿನ ಹೀಟರ್ ಕರೆಂಟನ್ನು ಧಾರಾಳವಾಗಿ ಎಳೆಯುವುದರಿಂದ ಇದು ಅಪರೂಪವೇನಲ್ಲ. ಇಸಿಯುಗೆ ಕ್ಯಾನ್ ಬಸ್ ಎಂಬ ಡಿಜಿಟಲ್ ಸಂಪರ್ಕ ಇದ್ದರೆ ಆ ಸೌಲಭ್ಯವಿರುವ ಗೇಜನ್ನೇ ಆರಿಸುವುದು ಜಾಣತನ. ಅಲ್ಲಿ ಅಂಕಿ ಅಂಕಿಯಾಗಿಯೇ ಹೋಗುತ್ತದೆ.

ಇ20 ತಂದ ಗೊಂದಲ

2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಬಿಡುಗಡೆಯಾಯಿತು. ಎಥನಾಲಿನ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅದರ ಒಂದು ಕಿಲೋ ಉರಿಯಲು 9 ಕಿಲೋ ಗಾಳಿ ಸಾಕು. ಲೆಕ್ಕ ಹಾಕಿದರೆ ಇ20ಯ ಹದ 14.7 ಅಲ್ಲ, ಸುಮಾರು 13.5. ಅಂದರೆ ಶುದ್ಧ ಪೆಟ್ರೋಲಿಗೆ ಹೊಂದಿಸಿದ ಕಾರ್ಬುರೇಟರ್ ಕಾರಿಗೆ ಇ20 ಹಾಕಿದರೆ ಮಿಶ್ರಣ ಶೇ 7–8ರಷ್ಟು ಲೀನ್ ಕಡೆಗೆ ಸರಿಯುತ್ತದೆ.

ಗೇಜ್ ಮಾತ್ರ ಇದನ್ನು ಅರಿಯದು. ಅದು ಅಳೆದದ್ದು ಲ್ಯಾಂಬ್ಡಾ, ಅದನ್ನು 14.7ರಿಂದ ಗುಣಿಸಿ ಡಯಲ್ಲಿನಲ್ಲಿ ತೋರಿಸುತ್ತದೆ, ಅಷ್ಟೆ. ಟ್ಯಾಂಕಿನಲ್ಲಿ ಇ20 ಇದ್ದರೂ ಹದ ಸರಿಯಿದ್ದಾಗ ಅದು ತೋರಿಸುವುದು 14.7 ಎಂದೇ. ‘ಇ20ಗೆ 13.5 ಬೇಕು’ ಎಂದು ಡಯಲ್ಲಿನಲ್ಲಿ 13.5 ಬರುವಂತೆ ಟ್ಯೂನ್ ಮಾಡಿದರೆ ನಿಜವಾಗಿ ಆಗುವುದು ಲ್ಯಾಂಬ್ಡಾ 0.92. ವಿನಾಕಾರಣ ರಿಚ್, ಮೈಲೇಜಿಗೂ ಪೆಟ್ಟು. ಈ ತಲೆನೋವಿಗೆ ಮದ್ದು ಸುಲಭ: ಲ್ಯಾಂಬ್ಡಾ ತೋರಿಸುವ ಗೇಜ್ ಕೊಂಡು, ಲ್ಯಾಂಬ್ಡಾದಲ್ಲೇ ಮಾತಾಡುವುದು. ಇಂಧನ ಯಾವುದೇ ಇರಲಿ 1 ಎಂದರೆ ಹದ, 0.8 ಎಂದರೆ ಟರ್ಬೊ ಒತ್ತಡದಲ್ಲಿ ಬೇಕಾದಷ್ಟು ರಿಚ್.

ಕೂರಿಸುವಾಗ, ಓದುವಾಗ

ಸೆನ್ಸರಿನ ಪಿಂಗಾಣಿ ಕೆಲಸ ಮಾಡುವುದು ಸುಮಾರು 780 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಬಿಸಿಯಲ್ಲಿ ಒಂದು ಹನಿ ನೀರು ಬಿದ್ದರೂ ಸೀಳುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೊಳವೆಯಲ್ಲಿ ನೀರು ಹನಿಗಟ್ಟುವುದು ಸಹಜ. ಆದ್ದರಿಂದ ಸೆನ್ಸರನ್ನು ಕೊಳವೆಯ ಮೇಲ್ಭಾಗದಲ್ಲಿ, ಮೂತಿ ಕೆಳಮುಖವಾಗಿ, ಅಡ್ಡಗೆರೆಯಿಂದ ಕನಿಷ್ಠ 10 ಡಿಗ್ರಿ ಓರೆಯಾಗಿ ಕೂರಿಸಬೇಕು. ಜಾಗ ಟರ್ಬೊ ದಾಟಿದ ಮೇಲೆ, ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂಚೆ. ಟರ್ಬೊಗಿಂತ ಮುಂಚೆ ಬಿಸಿಯೂ ಹೆಚ್ಚು, ಒತ್ತಡವೂ ಲೆಕ್ಕ ಕೆಡಿಸುತ್ತದೆ. ಗೇಜ್ ಆಫ್ ಇಟ್ಟು ಸೆನ್ಸರನ್ನು ಹೊಗೆಯಲ್ಲೇ ಬಿಟ್ಟು ಓಡಿಸಿದರೆ ಮಸಿ ಮೆತ್ತಿಕೊಂಡು ಹಾಳಾಗುತ್ತದೆ.

ಇನ್ನು ಓದುವ ಬಗೆ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಗೇಜ್ ಲೀನ್ ಕಡೆಯ ತುದಿಗೆ ಹಾರುತ್ತದೆ. ಗಾಬರಿ ಬೇಡ, ಇಸಿಯು ಪೆಟ್ರೋಲ್ ನಿಲ್ಲಿಸಿದೆ, ಕೊಳವೆಯಲ್ಲಿ ಬರೀ ಗಾಳಿಯಿದೆ. ಸೆನ್ಸರಿಗಿಂತ ಮುಂಚೆ ಗ್ಯಾಸ್ಕೆಟ್ ಸೋರಿ ಹೊರಗಾಳಿ ನುಸುಳಿದರೂ ಲೀನ್. ಎಲ್ಲಕ್ಕಿಂತ ಮೋಸದ್ದು ಮಿಸ್‌ಫೈರ್. ಮಿಶ್ರಣ ತೀರ ರಿಚ್ ಆಗಿ ಪ್ಲಗ್ ಹೊತ್ತಿಕೊಳ್ಳದೆ ಹೋದರೆ ಪೆಟ್ರೋಲೂ ಆಮ್ಲಜನಕವೂ ಉರಿಯದೆ ಹೊರಬರುತ್ತವೆ. ಸೆನ್ಸರಿಗೆ ಕಾಣುವುದು ಮಿಕ್ಕ ಆಮ್ಲಜನಕ, ಅದು ಹೇಳುವುದು ಲೀನ್. ಅದನ್ನು ನಂಬಿ ಇನ್ನಷ್ಟು ಪೆಟ್ರೋಲ್ ಸುರಿದರೆ ಕಾಯಿಲೆ ಹೆಚ್ಚುತ್ತದೆ.

ಕೊನೆಗೊಂದು ಲೆಕ್ಕ. 5,000 ಆರ್‌ಪಿಎಂನಲ್ಲಿ ಒಂದೊಂದು ಸಿಲಿಂಡರೂ ಸೆಕೆಂಡಿಗೆ ಸುಮಾರು 42 ಸಲ ಉರಿಯುತ್ತದೆ. ಅಂಕಿ ಕೆಟ್ಟದ್ದು ಕಣ್ಣಿಗೆ ಬಿದ್ದು ಕಾಲು ಮೇಲೇಳುವ ಹೊತ್ತಿಗೆ ಹತ್ತಾರು ಸಲ ನಾಕಿಂಗ್ ಆಗಿ ಮುಗಿದಿರುತ್ತದೆ. ಹಾಗಾಗಿ ಡಯಲ್ಲಿನ ಅಂದಕ್ಕೆ ಕೊಡುವ ಹಣವನ್ನು ದತ್ತಾಂಶ ದಾಖಲಿಸುವ ಸೌಲಭ್ಯಕ್ಕೆ, ಲೀನ್ ಆದೊಡನೆ ಟರ್ಬೊ ಒತ್ತಡವನ್ನು ತಾನೇ ಇಳಿಸುವ ಇಸಿಯು ಜೋಡಣೆಗೆ ಕೊಡುವುದು ಮೇಲು. ಎಂಜಿನ್ ಕಾಯುವ ಕೆಲಸ ಇಸಿಯುವಿನದು. ಕಾರು ಓಡಿಸುವವರ ಕಣ್ಣು ಆಗ ರಸ್ತೆಯ ಮೇಲಿದ್ದರೆ ಸಾಕು.