ಯೋಗಶಾಲೆಯ ಜಮಾಖರ್ಚು

ಪದ್ಮಾಸನದಲ್ಲಿ ಕುಳಿತವನಿಗೆ ಬಾಡಿಗೆಯ ಚಿಂತೆ ಇರಬಾರದು, ನಿಜ. ಆದರೆ ಪದ್ಮಾಸನವನ್ನು ಕಲಿಸುವವನಿಗೆ ತಿಂಗಳ ಮೊದಲನೆಯ ದಿನವೇ ಆ ಚಿಂತೆ ಬಂದು ಬಾಗಿಲು ತಟ್ಟುತ್ತದೆ. ವಿದ್ಯೆಗೂ ವಿತ್ತಕ್ಕೂ ಏನು ನಂಟು ಎಂದು ಹುಬ್ಬೇರಿಸುವ ಮಹನೀಯರು ಮೈಸೂರಿನ ಚರಿತ್ರೆಯ ಒಂದೆರಡು ಪುಟಗಳನ್ನು ತಿರುವಿ ನೋಡುವುದು ಒಳ್ಳೆಯದು.

1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಜಗನ್ಮೋಹನ ಅರಮನೆಯಲ್ಲಿ, ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ಆರಂಭವಾಯಿತು. ಅವರು ಕನ್ನಡದಲ್ಲಿ ರಚಿಸಿದ ‘ಯೋಗಮಕರಂದ’ 1934ರಲ್ಲಿ ಪ್ರಕಟವಾಯಿತು. ಮುಂದೆ ಜಗದ್ವಿಖ್ಯಾತರಾದ ಬಿ.ಕೆ.ಎಸ್. ಅಯ್ಯಂಗಾರ್, ಕೆ. ಪಟ್ಟಾಭಿ ಜೋಯಿಸ್ ಇಬ್ಬರೂ ಈ ಗುರುವಿನ ಶಿಷ್ಯರೇ. ಅಲ್ಲಿ ವಿದ್ಯೆಗೂ ಶ್ರದ್ಧೆಗೂ ಕೊರತೆಯಿರಲಿಲ್ಲ. ಆದರೂ 1940ರಲ್ಲಿ ಮಹಾರಾಜರು ಕಾಲವಾದ ಮೇಲೆ ರಾಜಾಶ್ರಯ ಕ್ರಮೇಣ ಕ್ಷೀಣಿಸಿ, 1950ರಲ್ಲಿ ಶಾಲೆ ಮುಚ್ಚಿತು.

ಶಿಷ್ಯರಾದ ಜೋಯಿಸರ ಹಾದಿ ಬೇರೆ. 1937ರಿಂದ 1973ರವರೆಗೆ ಸಂಸ್ಕೃತ ಪಾಠಶಾಲೆಯಲ್ಲಿ ಅಧ್ಯಾಪಕರಾಗಿದ್ದ ಅವರು 1948ರಲ್ಲಿ ಲಕ್ಷ್ಮೀಪುರಂನ ತಮ್ಮ ಮನೆಯಲ್ಲಿಯೇ ಯೋಗಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿನ ಅಭ್ಯಾಸದ ಕೋಣೆಯಲ್ಲಿ ಒಮ್ಮೆಗೆ ಹಿಡಿಸುತ್ತಿದ್ದವರು ಸುಮಾರು ಹನ್ನೆರಡು ಮಂದಿ. ಉಳಿದವರು ತಮ್ಮ ಸರದಿಗಾಗಿ ಕಾಯುತ್ತಿದ್ದರು. ದೊಡ್ಡ ಕಟ್ಟಡಕ್ಕಾಗಿ ಗೋಕುಲಂಗೆ ಹೋದದ್ದು 2002ರಲ್ಲಿ. ಶಿಷ್ಯರು ಬಂದು ತುಂಬಿದ ಮೇಲೆ ಶಾಲೆ ಬೆಳೆಯಿತೇ ಹೊರತು, ಶಾಲೆಯನ್ನು ಬೆಳೆಸಿ ಶಿಷ್ಯರಿಗಾಗಿ ಕಾಯಲಿಲ್ಲ.

ಕಾಣುವ ಖರ್ಚು, ಕಾಣದ ಖರ್ಚು

ಇಂದು ನಮ್ಮ ಊರುಗಳಲ್ಲಿ ಯೋಗಶಾಲೆ ತೆರೆಯಬಯಸುವ ತರುಣ ತರುಣಿಯರು ಅನೇಕ. ಅಂಥವರಿಗಾಗಿ ಒಂದು ಕಲ್ಪಿತ ಲೆಕ್ಕವನ್ನು ಹಾಕಿ ನೋಡೋಣ. ಅಂಕಿಗಳನ್ನು ಅವರವರ ಊರಿಗೆ ತಕ್ಕಂತೆ ತಿದ್ದಿಕೊಳ್ಳಬಹುದು.

ಇಪ್ಪತ್ತು ಜನ ಚಾಪೆ ಹಾಸಬಹುದಾದ ಒಂದು ಹಜಾರ. ತಿಂಗಳ ಬಾಡಿಗೆ 15,000 ರೂಪಾಯಿ. ಆರು ತಿಂಗಳ ಮುಂಗಡ 90,000. ಇಪ್ಪತ್ತು ಚಾಪೆಗಳಿಗೆ 14,000. ಸುಣ್ಣಬಣ್ಣ, ಫ್ಯಾನು, ಕಪಾಟು, ನಾಮಫಲಕಗಳಿಗೆ 36,000. ಒಟ್ಟು 1,40,000. ಬಹುಮಂದಿ ತಮ್ಮ ಲೆಕ್ಕವನ್ನು ಇಲ್ಲಿಗೇ ಮುಗಿಸಿ ಶುಭಮುಹೂರ್ತವನ್ನು ಗೊತ್ತುಮಾಡಿಬಿಡುತ್ತಾರೆ. ನಿಜವಾದ ಪರೀಕ್ಷೆ ಅನಂತರದ್ದು.

ಬಾಡಿಗೆಯ ಜೊತೆಗೆ ವಿದ್ಯುತ್ತು, ನೀರು, ಗುಡಿಸುವವರ ಸಂಬಳಕ್ಕೆ 5,000 ಬೇಕು. ಗುರುವಿಗೂ ಹೊಟ್ಟೆಯುಂಟು, ಸಂಸಾರವುಂಟು. ಮನೆಖರ್ಚಿಗೆ 20,000 ಎನ್ನೋಣ. ಅಂತೂ ತಿಂಗಳಿಗೆ 40,000. ತಲಾ ಒಂದು ಸಾವಿರ ಶುಲ್ಕವಾದರೆ, ನಲವತ್ತು ಶಿಷ್ಯರು ಸೇರಿದಾಗ ಮಾತ್ರ ಜಮೆಗೂ ಖರ್ಚಿಗೂ ಸರಿಹೋಗುತ್ತದೆ.

ಆದರೆ ನಲವತ್ತು ಮಂದಿ ಒಂದೇ ದಿನ ಬರುವರೇ? ತಿಂಗಳಿಗೆ ಎಂಟು ಮಂದಿಯಂತೆ ಬಂದರೆ ಐದನೆಯ ತಿಂಗಳಲ್ಲಿ ಲೆಕ್ಕ ಸರಿದೂಗುತ್ತದೆ. ಅಷ್ಟರೊಳಗೆ ಕೈಯಿಂದ ಹಾಕಬೇಕಾದ ಹಣ 80,000. ನಾಲ್ಕೇ ಮಂದಿಯಂತೆ ಬಂದರೆ ಹತ್ತನೆಯ ತಿಂಗಳವರೆಗೆ ಕಾಯಬೇಕು, ಕೊರತೆ 1,80,000! ಅಂದರೆ ಶಾಲೆಯನ್ನು ಸಜ್ಜುಗೊಳಿಸಿದ ಖರ್ಚಿಗಿಂತ ಶಿಷ್ಯರಿಗಾಗಿ ಕಾಯುವ ಖರ್ಚೇ ಹೆಚ್ಚು. ನಡುವೆ ಪರೀಕ್ಷೆಯ ಕಾಲ, ಮದುವೆಯ ಕಾಲ, ಮಳೆಯ ಮುಂಜಾವುಗಳು ಬಂದು ಸೇರಿದವರೂ ಜಾರಿಕೊಳ್ಳುವುದುಂಟು. ಈ ಕಾಣದ ಖರ್ಚಿಗೆ ಗಂಟು ಕಟ್ಟಿಡದವರ ಶಾಲೆ ಪ್ರಾಣಾಯಾಮದ ಪಾಠ ಮುಗಿಯುವ ಮೊದಲೇ ಉಸಿರು ಬಿಡುತ್ತದೆ.

ಹಾಸಿಗೆ ಇದ್ದಷ್ಟು

ಇದೇ ಶಾಲೆಯನ್ನು ಮನೆಯ ಮಹಡಿಯ ಮೇಲೆ ತೆರೆದರೆಂದು ಭಾವಿಸಿ. ಬಾಡಿಗೆಯಿಲ್ಲ, ಮುಂಗಡವಿಲ್ಲ. ತಿಂಗಳ ಖರ್ಚು 25,000. ಇಪ್ಪತ್ತೈದು ಶಿಷ್ಯರು ಸಾಕು. ತಿಂಗಳಿಗೆ ನಾಲ್ವರೇ ಬಂದರೂ ಏಳನೆಯ ತಿಂಗಳಲ್ಲಿ ದಡ ಸೇರಬಹುದು. ಕೊರತೆ 66,000 ಮಾತ್ರ. ಮಹಡಿಯಿಲ್ಲದವರು ಯಾವುದಾದರೂ ಶಾಲೆಯ ಇಲ್ಲವೇ ಸಂಘದ ಸಭಾಂಗಣವನ್ನು ಬೆಳಗಿನ ಎರಡು ಗಂಟೆಗಳ ಮಟ್ಟಿಗೆ ಗೊತ್ತುಮಾಡಿಕೊಳ್ಳಬಹುದು.

ಸಾಲದ ಅನುಕೂಲವೂ ಇದೆ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವರ್ಗದಲ್ಲಿ ಒತ್ತೆಯಿಲ್ಲದೆ 50,000 ರೂಪಾಯಿಯವರೆಗೆ ಸಾಲ ಕೇಳಬಹುದು. ಆದರೆ ಸಾಲದ ಕಂತು ಶಿಷ್ಯರ ದಾರಿಯನ್ನು ಕಾಯುವುದಿಲ್ಲವೆಂಬುದನ್ನು ಮರೆಯಬಾರದು. ಸೇವೆಗಳಿಗೆ ಜಿ.ಎಸ್.ಟಿ. ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷವಾದ್ದರಿಂದ ಇಂಥ ಪುಟ್ಟ ಶಾಲೆಗೆ ಆ ಚಿಂತೆ ಸದ್ಯಕ್ಕಿಲ್ಲ.

ಕನ್ನಡಿಯ ಗೋಡೆ, ಬಣ್ಣದ ದೀಪ, ದೊಡ್ಡ ಫಲಕ ಇವೆಲ್ಲ ಆಮೇಲೆ ಬರಲಿ. ಮೊದಲು ಬೇಕಾದುದು ಗುಡಿಸಿದ ನೆಲ, ಗಾಳಿಯಾಡುವ ಕಿಟಕಿ, ತಪ್ಪದೆ ಬರುವ ಗುರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಹಿರಿಯರ ಮಾತು ಯೋಗಶಾಲೆಯ ಚಾಪೆಗೂ ಸಲ್ಲುತ್ತದೆ. ಕೈಯಲ್ಲಿ ಎರಡು ಲಕ್ಷವಿದ್ದರೆ ಒಂದನ್ನು ಶಾಲೆಗೆ ಹಾಕಿ ಇನ್ನೊಂದನ್ನು ಕಾಯುವುದಕ್ಕೆ ಇಟ್ಟುಕೊಳ್ಳುವುದು ಜಾಣತನ. ಹೀಗೆ ಉಳಿದು ಬಾಳಿದ ಪುಟ್ಟ ಶಾಲೆಯೊಂದು, ವೈಭವದಿಂದ ತೆರೆದು ವರ್ಷದೊಳಗೆ ಮುಚ್ಚಿದ ಹತ್ತು ಶಾಲೆಗಳಿಗಿಂತ ಹೆಚ್ಚು ಜನರ ಬೆನ್ನನ್ನು ನೆಟ್ಟಗೆ ಮಾಡೀತು.