ವಿಮಾನದಲ್ಲಿ ವಿದ್ಯುತ್ತು ಹೋದಾಗ

ತಿರುಮಕೂಡಲಿನಲ್ಲಿ ಕಪಿಲೆಯು ಕಾವೇರಿಯನ್ನು ಕೂಡುವುದನ್ನು ದಡದಲ್ಲಿ ನಿಂತು ನೋಡಿದವರು ಅನೇಕರು. ಆಕಾಶದಿಂದ ನೋಡಿದವರು ವಿರಳ. ಮಂಡಕಳ್ಳಿಯ ನಿಲ್ದಾಣದಿಂದ ಹೊರಟ ಸಣ್ಣ ತರಬೇತಿ ವಿಮಾನವೊಂದು ಆ ಸಂಗಮದವರೆಗೆ ಬಂದು ಹಿಂದಿರುಗುತ್ತಿದೆ, ಒಳಗೆ ವಿದ್ಯಾರ್ಥಿ ಒಬ್ಬನೇ ಇದ್ದಾನೆ ಎಂದು ಭಾವಿಸಿಕೊಳ್ಳಿ. ನಿಯಂತ್ರಣ ಗೋಪುರದ ದನಿ ಕ್ಷೀಣಿಸಿ ನಿಂತುಬಿಡುತ್ತದೆ. ಎದುರಿನ ಫಲಕದ ದೀಪಗಳು ಆರುತ್ತವೆ. ಇನ್ನು ವಿಮಾನ ಬಿದ್ದಂತೆಯೇ ಎಂದು ನಮಗನ್ನಿಸೀತು. ಹಾಗೇನೂ ಆಗುವುದಿಲ್ಲ.

ಏಕೆಂದರೆ ಇಂಥ ವಿಮಾನಗಳ ರೂಢಿಯ ಪೆಟ್ರೋಲ್ ಎಂಜಿನ್ ತನ್ನ ಕಿಡಿಗಾಗಿ ಬ್ಯಾಟರಿಯನ್ನು ಬೇಡುವುದಿಲ್ಲ. ಮ್ಯಾಗ್ನೆಟೊ ಎಂಬ ಎರಡು ಪುಟ್ಟ ಯಂತ್ರಗಳು ಎಂಜಿನ್ನಿನ ತಿರುಗುವಿಕೆಯಿಂದಲೇ ಕಿಡಿಯನ್ನು ಹುಟ್ಟಿಸುತ್ತವೆ. ಒಂದು ಕೆಟ್ಟರೆ ಇನ್ನೊಂದಿದೆ. ಮುಳ್ಳಿನ ವೇಗಮಾಪಕ, ಎತ್ತರಮಾಪಕಗಳಿಗೆ ಗಾಳಿಯ ಒತ್ತಡ ಸಾಕು. ದಿಕ್ಸೂಚಿಗೆ ಭೂಮಿಯ ಕಾಂತಶಕ್ತಿ ಸಾಕು. ಗಾಜಿನ ಪರದೆಗಳ ಹೊಸ ವಿಮಾನಗಳ ಮಾತು ಬೇರೆ.

ಕೇಡು ಬಹುಮಟ್ಟಿಗೆ ಮೊದಲೇ ಸುಳಿವು ಕೊಡುತ್ತದೆ. ಆಲ್ಟರ್ನೇಟರ್ ನಿಂತಾಗ ಅಮ್ಮೀಟರಿನ ಮುಳ್ಳು ಬ್ಯಾಟರಿ ಬರಿದಾಗುತ್ತಿರುವುದನ್ನು ತೋರಿಸುತ್ತದೆ. ಕೈಪಿಡಿ ಹೇಳಿದಂತೆ ಅದರ ಸ್ವಿಚ್ಚನ್ನು ಒಮ್ಮೆ ಆರಿಸಿ ಹಾಕಿ ನೋಡಬೇಕು. ಫಲಿಸದಿದ್ದರೆ ಬೇಡದ ಉಪಕರಣಗಳನ್ನೆಲ್ಲ ಆರಿಸಿ, ಉಳಿದ ವಿದ್ಯುತ್ತನ್ನು ಕೃಪಣನಂತೆ ಕಾಯ್ದಿಡಬೇಕು. ಸುಟ್ಟ ವಾಸನೆ ಬಂದರೆ ಮಾತ್ರ ಈ ಜಿಪುಣತನ ಸಲ್ಲದು. ಮುಖ್ಯ ಸ್ವಿಚ್ಚನ್ನೇ ಆರಿಸತಕ್ಕದ್ದು.

ಹಗಲಾದರೆ ದಾರಿಯನ್ನು ಕಪಿಲೆಯೇ ತೋರಿಸುತ್ತಾಳೆ. ಹರಿವಿಗೆ ಎದುರಾಗಿ ನಂಜನಗೂಡಿನವರೆಗೆ ಸಾಗಿ, ಅಲ್ಲಿಂದ ಮೈಸೂರಿನ ಹೆದ್ದಾರಿಯನ್ನು ಹಿಡಿದು ಉತ್ತರಕ್ಕೆ ಹೊರಳಿದರೆ ಮುಂದೆ ಚಾಮುಂಡಿಬೆಟ್ಟ, ಅದಕ್ಕೂ ಈಚೆ ಮಂಡಕಳ್ಳಿ. ನೇರ ದಾರಿಗಿಂತ ಇದು ಸುತ್ತು, ಆದರೆ ಗುರುತು ತಪ್ಪದು.

ರೇಡಿಯೋ ಮೂಕವಾಗಿದ್ದರೆ ಗೋಪುರವು ಬೆಳಕಿನಿಂದ ಮಾತನಾಡುತ್ತದೆ. ನಿಶ್ಚಲ ಹಸಿರು ಕಂಡರೆ ಇಳಿಯಬಹುದು. ನಿಶ್ಚಲ ಕೆಂಪಾದರೆ ಇತರ ವಿಮಾನಗಳಿಗೆ ದಾರಿಬಿಟ್ಟು ಸುತ್ತುತ್ತಿರಬೇಕು. ಮಿನುಗುವ ಕೆಂಪಾದರೆ ಇಳಿಯಲಾಗದು. ರೆಕ್ಕೆಗಳನ್ನು ಅತ್ತಿತ್ತ ವಾಲಿಸುವುದೇ ಚಾಲಕನ ಉತ್ತರ.

ನಿಜವಾದ ತೊಡಕಿರುವುದು ರೆಕ್ಕೆಯ ಹಿಂಬದಿಯಲ್ಲಿ ಬಾಗುವ ಫ್ಲಾಪ್‌ಗಳಲ್ಲಿ. ಅನೇಕ ಸಣ್ಣ ವಿಮಾನಗಳಲ್ಲಿ ಇವನ್ನು ಚಲಿಸುವುದು ವಿದ್ಯುತ್ ಮೋಟಾರು. ಕೊನೆಯುಸಿರೆಳೆಯುತ್ತಿರುವ ಬ್ಯಾಟರಿಯಿಂದ ಪೂರ್ತಿ ಇಳಿಸಿದ ಫ್ಲಾಪ್ ಮತ್ತೆ ಮೇಲೇರದಿರಬಹುದು. ಆಗ ರನ್‌ವೇಯ ಮೇಲೆ ಏನೋ ಅಡ್ಡಬಂದು ಪುನಃ ಮೇಲೇಳಬೇಕಾದರೆ ವಿಮಾನ ಭಾರಹೊತ್ತ ಎತ್ತಿನಂತೆ ಏದುತ್ತದೆ. ಆದ್ದರಿಂದಲೇ ಫ್ಲಾಪ್ ಇಳಿಸದೆ ಬರುವುದನ್ನೂ ಕಲಿಸುತ್ತಾರೆ: ವೇಗ ತುಸು ಹೆಚ್ಚು, ಮೂತಿ ತುಸು ಮೇಲೆ, ನೆಲ ಮುಟ್ಟುವ ಮುನ್ನ ವಿಮಾನ ಬಹುದೂರ ತೇಲುತ್ತದೆ, ಅದನ್ನು ಒತ್ತಿ ಇಳಿಸಹೋಗಬಾರದು. 2010ರಲ್ಲಿ ಸಂಚಾರಕ್ಕೆ ತೆರೆದಾಗ ಮಂಡಕಳ್ಳಿಯ ರನ್‌ವೇ 1,740 ಮೀಟರ್ ಉದ್ದವಿತ್ತು. ಹಾಗೆ ತೇಲಿಬರುವ ಸಣ್ಣ ವಿಮಾನಕ್ಕೆ ಅದು ಧಾರಾಳ.