ಮನೆಯಂಗಳದ ಮರ ಮತ್ತು ಕ್ರೇನು: ಕೊಯ್ಯುವ ಮುನ್ನ ತೂಗಿ ನೋಡಿ

ಮುಂಗಾರು ಕಾಲಿಡುವ ಮೊದಲು, ಏಪ್ರಿಲ್–ಮೇ ತಿಂಗಳ ಸಂಜೆಗಳಲ್ಲಿ ಬೀಸುವ ಬಿರುಗಾಳಿಗೆ ಬೆಂಗಳೂರಿನ ಬಡಾವಣೆಗಳಲ್ಲಿ ಮರಗಳು ಉರುಳುವುದು ವರ್ಷ ವರ್ಷವೂ ಕೇಳಿಬರುವ ಸುದ್ದಿ. ಮರುದಿನ ಬೆಳಗ್ಗೆ ಕ್ರೇನೊಂದು ಕಾಂಡವನ್ನು ಎತ್ತಿ ಲಾರಿಗೆ ಇಳಿಸುವ ದೃಶ್ಯ ಕಿರುತೆರೆಯ ಮೇಲೆ ಹಾದುಹೋಗುತ್ತದೆ. ಹತ್ತು ಸೆಕೆಂಡಿನ ಆ ದೃಶ್ಯವನ್ನು ಕಂಡವರಿಗೆ ಇದೊಂದು ಸುಲಭದ ಕೆಲಸವೆನಿಸುವುದು ಸಹಜ. ಅದಕ್ಕೆ ಮುಂಚಿನ ಒಂದೆರಡು ಗಂಟೆಗಳ ಸಿದ್ಧತೆ ಪರದೆಯ ಮೇಲೆ ಬರುವುದಿಲ್ಲ. ಕೆಲಸ ಸುಸೂತ್ರವಾಗಿ ಮುಗಿಯುವುದೋ, ಮರ ಹತ್ತಿದವನ ಪ್ರಾಣಕ್ಕೆ ಎರವಾಗುವುದೋ ಎಂಬುದು ತೀರ್ಮಾನವಾಗುವುದು ಆ ಗಂಟೆಗಳಲ್ಲಿಯೇ.

ಮನೆಯ ಹಿತ್ತಲಿನಲ್ಲೋ ಗೇಟಿನ ಪಕ್ಕದಲ್ಲೋ ಇರುವ ದೊಡ್ಡ ಮರವನ್ನು ತೆಗೆಸಬೇಕಾಗಿ ಬಂದಾಗ ಕ್ರೇನು ಏನು ಮಾಡಬಲ್ಲದು, ಏನು ಮಾಡಲಾರದು? ಶಾಲೆಯಲ್ಲಿ ಕಲಿತ ಭೌತಶಾಸ್ತ್ರವನ್ನು ಸ್ವಲ್ಪ ನೆನಪಿಸಿಕೊಂಡರೆ ಇದನ್ನು ಯಾರು ಬೇಕಾದರೂ ತಿಳಿಯಬಹುದು.

ನಮ್ಮ ಬೀದಿಗಳ ಮರಗಳು

ಬೆಂಗಳೂರಿನ ಮರಗಳಿಗೆ ಒಂದು ಇತಿಹಾಸವಿದೆ. 1908ರಲ್ಲಿ ಇಲ್ಲಿಗೆ ಬಂದ ಜರ್ಮನಿಯ ತೋಟಗಾರಿಕಾ ತಜ್ಞ ಜಿ.ಎಚ್. ಕ್ರುಂಬಿಗಲ್ ಅವರು, ಒಂದಾದ ಮೇಲೊಂದರಂತೆ ವರ್ಷವಿಡೀ ಹೂ ಬಿಡುವ ಸಾಲುಮರಗಳ ಕಲ್ಪನೆಯನ್ನು ಈ ಊರಿಗೆ ತಂದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರ ನೇತೃತ್ವದಲ್ಲಿ ಸುಮಾರು 15 ಲಕ್ಷ ಗಿಡಗಳನ್ನು ನೆಡಲಾಯಿತು. ಅಂದು ಆಳೆತ್ತರವಿದ್ದ ಸಸಿಗಳಲ್ಲಿ ಉಳಿದು ಬೆಳೆದವು ಇಂದು ಮೂರು ಅಂತಸ್ತಿನ ಮನೆಯನ್ನು ಮೀರಿಸಿವೆ.

ಮರ ಬೆಳೆಯಿತು, ಅದರ ಸುತ್ತಲಿನ ಜಾಗ ಮಾತ್ರ ಕಿರಿದಾಗುತ್ತ ಬಂತು. ಮರಕ್ಕೆ ಆಹಾರ ಒದಗಿಸುವ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲ್ಭಾಗದ ಒಂದು ಮೀಟರಿನೊಳಗೇ ಹರಡಿರುತ್ತವೆ. ಚರಂಡಿಗೆ, ನೀರಿನ ಕೊಳವೆಗೆ, ಕೇಬಲ್ಲಿಗೆ ಎಂದು ಪದೇಪದೇ ಅಗೆದಾಗ ಕತ್ತರಿಸಿಹೋಗುವುದು ಇವೇ. ಬುಡದವರೆಗೂ ಕಾಂಕ್ರೀಟು ಸುರಿದರೆ ಉಳಿದ ಬೇರುಗಳಿಗೂ ನೀರು ಮತ್ತು ಗಾಳಿ ದೊರೆಯದು. ಮೇಲೆ ಹಸಿರಾಗಿ ಕಾಣುವ ಗುಲ್‌ಮೊಹರ್ ಮರ ಒಂದು ಮಳೆಗಾಳಿಗೆ ಬುಡಸಮೇತ ಉರುಳಲು ಇದು ಒಂದು ಮುಖ್ಯ ಕಾರಣ.

ಹಾಗೆಂದು ವಾಲಿದ ಮರವೆಲ್ಲ ಬೀಳುವ ಮರವಲ್ಲ. ಹುಟ್ಟಿನಿಂದಲೇ ಓರೆಯಾಗಿ ಬೆಳೆದು ನೂರು ವರ್ಷ ನಿಂತ ಮರಗಳಿವೆ. ಬುಡದ ಮಣ್ಣು ಒಂದು ಬದಿಯಲ್ಲಿ ಹೊಸದಾಗಿ ಬಿರುಕು ಬಿಟ್ಟು ಮೇಲೆದ್ದಿದ್ದರೆ, ಕಾಂಡದ ಬುಡದಲ್ಲಿ ಅಣಬೆ ಮೂಡಿದ್ದರೆ, ತಟ್ಟಿದಾಗ ಟೊಳ್ಳು ಸದ್ದು ಬಂದರೆ ಆಗ ಎಚ್ಚರಿಕೆ ಬೇಕು. ಎಷ್ಟೋ ಸಲ ಒಂದೆರಡು ಭಾರದ ಕೊಂಬೆಗಳನ್ನು ಕ್ರಮವಾಗಿ ಸವರಿದರೆ ಮರವೇ ಉಳಿಯುತ್ತದೆ. ಈ ತೀರ್ಮಾನವನ್ನು ಬಲ್ಲವರು ಬಂದು ನೋಡಿ ಮಾಡಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ, 1976ರ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ನಿವೇಶನದ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಕ್ರೇನಿನವರನ್ನು ಕರೆಯುವ ಮೊದಲು ಅವರಿಗೆ ಅರ್ಜಿ ಹೋಗಬೇಕು.

ಬೀಳಿಸುವುದು ಬೇರೆ, ಎತ್ತುವುದು ಬೇರೆ

ಬಯಲಿನಲ್ಲಿ ಮರ ಕಡಿಯುವವರು ಬುಡಕ್ಕೆ ಕಚ್ಚು ಹಾಕಿ, ಹಗ್ಗದಿಂದ ಎಳೆದು, ಬೇಕಾದ ದಿಕ್ಕಿಗೆ ಕೆಡವುತ್ತಾರೆ. ಮೂವತ್ತು ಅಡಿಗೆ ನಲವತ್ತು ಅಡಿಯ ನಿವೇಶನಗಳ ನಡುವೆ ಇದು ಸಾಧ್ಯವಿಲ್ಲ. ಒಂದು ಕಡೆ ಪಕ್ಕದ ಮನೆಯ ತಾರಸಿ, ಇನ್ನೊಂದು ಕಡೆ ವಿದ್ಯುತ್ ತಂತಿ, ಕೆಳಗೆ ನೀರಿನ ಸಂಪು. ಆದ್ದರಿಂದ ತುದಿಯಿಂದ ಶುರುಮಾಡಿ ತುಂಡು ತುಂಡಾಗಿ ಇಳಿಸಬೇಕಾಗುತ್ತದೆ.

ಹಗ್ಗದಿಂದ ಇಳಿಸುವಾಗ ಕಾಂಡದ ಮೇಲೆಯೇ ಹಗ್ಗವನ್ನು ಸುತ್ತಿರುತ್ತಾರೆ. ಕೊಯ್ದ ತುಂಡು ಒಂದಷ್ಟು ದೂರ ಬಿದ್ದು, ಆಮೇಲೆ ಹಗ್ಗ ಬಿಗಿದು ನಿಲ್ಲುತ್ತದೆ. ಹಗ್ಗಕ್ಕೆ ತಗಲುವ ಪೆಟ್ಟು ಎಷ್ಟು? 200 ಕಿಲೋ ತೂಕದ ತುಂಡು 2 ಮೀಟರ್ ಬಿದ್ದು, ಹಗ್ಗ 20 ಸೆಂಟಿಮೀಟರ್ ಹಿಗ್ಗಿ ಅದನ್ನು ನಿಲ್ಲಿಸಿತೆನ್ನಿ. ಬಿದ್ದ ಒಟ್ಟು ದೂರ 2.2 ಮೀಟರ್, ನಿಲ್ಲಿಸಲು ಸಿಕ್ಕ ದೂರ 0.2 ಮೀಟರ್. ಹಗ್ಗದ ಮೇಲಿನ ಸರಾಸರಿ ಎಳೆತ ತೂಕದ 11 ಪಟ್ಟು, ಅಂದರೆ 2,200 ಕಿಲೋ ಭಾರಕ್ಕೆ ಸಮ! ಮರ ಹತ್ತಿದವನು ಆಗ ಅದೇ ಕಾಂಡವನ್ನು ಆತುಕೊಂಡು ನಿಂತಿರುತ್ತಾನೆ. ಕಾಂಡ ಒಳಗೆ ಟೊಳ್ಳಾಗಿದ್ದರೆ ಅವನ ಗತಿಯೇನು ಎಂದು ಯೋಚಿಸಿ.

ಕ್ರೇನಿನ ನಿಜವಾದ ಉಪಯೋಗ ಇಲ್ಲಿದೆ. ತುಂಡನ್ನು ಕೊಯ್ಯುವುದಕ್ಕೆ ಮೊದಲೇ ಬೆಲ್ಟಿನಿಂದ ಕಟ್ಟಿ ಕ್ರೇನಿನ ಕೊಕ್ಕೆಗೆ ಸಿಕ್ಕಿಸಿರುತ್ತಾರೆ. ಕೊಯ್ದ ಮೇಲೆ ತುಂಡು ಬೀಳುವುದೇ ಇಲ್ಲ. ಇದ್ದಲ್ಲಿಂದ ಮೇಲೆದ್ದು ಹೊರಟುಹೋಗುತ್ತದೆ. ಒಣಗಿದ, ಟೊಳ್ಳಾದ, ಹಗ್ಗದ ಪೆಟ್ಟು ತಾಳಲಾರದ ಮರಗಳಿಗೆ ಕ್ರೇನು ಹೇಳಿಮಾಡಿಸಿದ ಸಾಧನ. ಆದರೆ ಇದಕ್ಕೆ ಒಂದು ಷರತ್ತಿದೆ: ಕೊಯ್ಯುವ ತುಂಡಿನ ತೂಕ ಮೊದಲೇ ಗೊತ್ತಿರಬೇಕು.

ತೂಕ ಅಳೆಯಲು ಒಂದು ದಾರ ಸಾಕು

ಮರವನ್ನು ತಕ್ಕಡಿಗೆ ಹಾಕಲಾಗದು, ನಿಜ. ಆದರೆ ಒಂದು ಘನ ಮೀಟರ್ ನೀರು 1,000 ಕಿಲೋ ತೂಗುತ್ತದೆಂದು ನಮಗೆ ಗೊತ್ತು. ಹಸಿ ಮರದ ತೂಕವೂ ಬಹುಮಟ್ಟಿಗೆ ಇದರ ಆಸುಪಾಸಿನಲ್ಲೇ ಇರುತ್ತದೆ. ಹಗುರ ಜಾತಿಗಳು ಕಡಿಮೆ ತೂಗಬಹುದು. ಕೆಲವು ಗಟ್ಟಿಮರಗಳು ಹಸಿಯಾಗಿದ್ದಾಗ ನೀರಿಗಿಂತಲೂ ಭಾರ. ಅಂದಾಜಿಗೆ ನೀರಿನ ತೂಕವನ್ನೇ ಹಿಡಿದರೆ ಒಂದು ಸರಳ ಸೂತ್ರ ಸಿಗುತ್ತದೆ. ಕಾಂಡದ ಸುತ್ತಳತೆಯನ್ನು ದಾರದಿಂದ ಮೀಟರಿನಲ್ಲಿ ಅಳೆಯಿರಿ. ಅದನ್ನು ಅದರಿಂದಲೇ ಗುಣಿಸಿ, ತುಂಡಿನ ಉದ್ದದಿಂದ ಗುಣಿಸಿ, ಬಂದದ್ದನ್ನು 80ರಿಂದ ಗುಣಿಸಿ. ಉತ್ತರ ಕಿಲೋಗ್ರಾಂಗಳಲ್ಲಿ ಬರುತ್ತದೆ.

3 ಮೀಟರ್ ಉದ್ದದ ತುಂಡನ್ನೇ ತೆಗೆದುಕೊಳ್ಳೋಣ. ಅದರ ಅಡ್ಡಳತೆ 30 ಸೆಂಟಿಮೀಟರ್ ಇದ್ದರೆ ತೂಕ ಸುಮಾರು 210 ಕಿಲೋ. 60 ಸೆಂಟಿಮೀಟರ್ ಇದ್ದರೆ 850 ಕಿಲೋ. 120 ಸೆಂಟಿಮೀಟರ್ ಇದ್ದರೆ 3,400 ಕಿಲೋ. ದಪ್ಪ ಎರಡರಷ್ಟಾದರೆ ತೂಕ ನಾಲ್ಕರಷ್ಟಾಗುತ್ತದೆ. ಕಣ್ಣಂದಾಜು ತಪ್ಪುವುದು ಇಲ್ಲಿಯೇ. ಮೇಲಿನ ಕೊಂಬೆಗಳನ್ನು ಲೀಲಾಜಾಲವಾಗಿ ಎತ್ತಿದ ಕ್ರೇನು ಬುಡದ ತುಂಡಿಗೆ ಬಂದಾಗ ಮುಗ್ಗರಿಸುವುದು ಈ ಲೆಕ್ಕ ಮರೆತದ್ದರಿಂದ. ಎಲೆ ತುಂಬಿದ, ಮಳೆಯಲ್ಲಿ ನೆನೆದ ಕೊಂಬೆಯಾದರೆ ಇನ್ನಷ್ಟು ಭಾರ ಸೇರಿಸಿಕೊಳ್ಳಬೇಕು.

'ಹದಿನಾಲ್ಕು ಟನ್ನಿನ ಕ್ರೇನು' ಎಂದರೇನು?

ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಆನಿಸಿಕೊಂಡರೆ ಅರ್ಧ ಮೈಲಿ ನಡೆಯಬಹುದು. ಅದನ್ನೇ ಕೈ ನೀಡಿ ಮುಂದಕ್ಕೆ ಹಿಡಿದರೆ ಒಂದು ನಿಮಿಷವೂ ನಿಲ್ಲಲಾಗದು. ಬಿಂದಿಗೆಯ ತೂಕ ಬದಲಾಗಲಿಲ್ಲ, ದೂರ ಬದಲಾಯಿತು. ಹಳ್ಳಿಯ ಬಾವಿಯ ಏತದಲ್ಲಿಯೂ ಇದೇ ಸನ್ನೆಕೋಲಿನ ತತ್ವ.

ಕ್ರೇನು ಕೂಡ ಒಂದು ಸನ್ನೆಕೋಲು. ಬಾಡಿಗೆಗೆ ಕೊಡುವವರು ಹೇಳುವ 'ಹದಿನಾಲ್ಕು ಟನ್' ಎಂಬುದು ಬೂಮ್ ಎನ್ನುವ ಅದರ ತೋಳು ಅತಿ ಹತ್ತಿರದಲ್ಲಿರುವಾಗಿನ ಸಾಮರ್ಥ್ಯ. ಒಂದು ಕ್ರೇನು 3 ಮೀಟರ್ ದೂರದಲ್ಲಿ 12 ಟನ್ ಎತ್ತಬಲ್ಲದೆಂದು ಇಟ್ಟುಕೊಳ್ಳೋಣ. ಬರೀ ಗುಣಾಕಾರದ ಲೆಕ್ಕದಲ್ಲಿ 6 ಮೀಟರಿಗೆ 6 ಟನ್, 12 ಮೀಟರಿಗೆ 3 ಟನ್, 15 ಮೀಟರಿಗೆ 2.4 ಟನ್. ವಾಸ್ತವದಲ್ಲಿ ಇಷ್ಟೂ ಸಿಗದು. ಚಾಚಿದ ತೋಳಿಗೆ ತನ್ನದೇ ಭಾರವಿದೆ, ಉದ್ದವಾದಷ್ಟೂ ಬಾಗುತ್ತದೆ. ನಲವತ್ತು ಅಡಿ, ಅಂದರೆ 12 ಮೀಟರ್ ಆಳದ ನಿವೇಶನದ ಹಿತ್ತಲಲ್ಲಿ ಮರವಿದ್ದು ಕ್ರೇನು ರಸ್ತೆಯಲ್ಲಿ ನಿಂತರೆ ದೂರ ಹದಿನೈದು ಮೀಟರ್ ದಾಟುವುದು ಖಂಡಿತ. ಅಲ್ಲಿ 'ಹದಿನಾಲ್ಕು ಟನ್' ಎಂಬ ಹೆಸರಿಗೆ ಅರ್ಥವಿಲ್ಲ.

ಪ್ರತಿ ಕ್ರೇನಿಗೂ ತಯಾರಕರು ಕೊಟ್ಟ ಲೋಡ್ ಚಾರ್ಟ್ ಇರುತ್ತದೆ. ತೋಳಿನ ಉದ್ದ ಇಷ್ಟು, ದೂರ ಇಷ್ಟು ಎಂದಾಗ ಎತ್ತಬಹುದಾದ ತೂಕ ಎಷ್ಟೆಂದು ಅದರಲ್ಲಿ ಬರೆದಿರುತ್ತದೆ. ಮರದ ತೂಕ ಅಂದಾಜಿನದಾದ್ದರಿಂದ ಚಾರ್ಟಿನ ಅಂಕಿಗಿಂತ ಸಾಕಷ್ಟು ಕೆಳಗೇ ನಿಲ್ಲುವುದು ಜಾಣತನ. ಚಾರ್ಟ್ ತೋರಿಸಿ ಎಂದು ಮನೆಯ ಯಜಮಾನರು ಧಾರಾಳವಾಗಿ ಕೇಳಬಹುದು.

ನಮ್ಮಲ್ಲಿ ಜನ 'ಹೈಡ್ರಾ' ಎಂದು ಕರೆಯುವ, ಹೊರೆ ಎತ್ತಿಕೊಂಡೇ ಚಲಿಸುವ ಚಿಕ್ಕ ಕ್ರೇನುಗಳು ಎಲ್ಲೆಡೆ ಸಿಗುತ್ತವೆ. ಬಿದ್ದ ಮರದ ತುಂಡುಗಳನ್ನು ರಸ್ತೆಯಿಂದ ತೆಗೆಯಲು ಅವು ಅನುಕೂಲ. ಆದರೆ ಸಾಮಾನ್ಯವಾಗಿ ಅವು ಟೈರುಗಳ ಮೇಲೆಯೇ ನಿಲ್ಲುತ್ತವೆ. ನಡುಭಾಗದಲ್ಲಿ ಮಡಿಸಿ ತಿರುಗಿದಾಗ ಅವುಗಳ ಸಾಮರ್ಥ್ಯ ತಗ್ಗುತ್ತದೆ. ನಿಂತ ಮರದ ತುದಿಯನ್ನು ಮನೆಯ ಮೇಲಿಂದ ದಾಟಿಸಿ ತರಲು ಜಾಕ್ ಕಾಲುಗಳುಳ್ಳ ಟ್ರಕ್ ಕ್ರೇನು ಬೇಕು.

ಕಾಲ ಕೆಳಗಿನ ನೆಲ

ಟ್ರಕ್ ಕ್ರೇನು ನಾಲ್ಕು ಜಾಕ್ ಕಾಲುಗಳನ್ನು ಅಗಲಕ್ಕೆ ಚಾಚಿ ನಿಲ್ಲುತ್ತದೆ. ಹೊರೆ ಒಂದು ಮೂಲೆಯ ಕಡೆಗೆ ತಿರುಗಿದಾಗ ಭಾರದ ಬಹುಪಾಲು ಒಂದೇ ಕಾಲಿನ ಮೇಲೆ ಬೀಳುತ್ತದೆ. ಆ ಕಾಲಿನ ಮೇಲೆ 10 ಟನ್ ಬಿತ್ತೆನ್ನಿ. ಪಾದದ ತಟ್ಟೆ 40 ಸೆಂಟಿಮೀಟರ್ ಚೌಕವಾಗಿದ್ದರೆ ನೆಲದ ಮೇಲಿನ ಒತ್ತಡ ಚದರ ಮೀಟರಿಗೆ 62 ಟನ್ನಿಗೂ ಹೆಚ್ಚು. ಅದರ ಕೆಳಗೆ ಒಂದು ಮೀಟರ್ ಚೌಕದ ದಪ್ಪ ಮರದ ಹಾಸು ಇಟ್ಟರೆ ಅದು 10 ಟನ್ನಿಗೆ ಇಳಿಯುತ್ತದೆ. ಇಷ್ಟು ಸಣ್ಣ ಉಪಾಯ ಕ್ರೇನು ಮಗುಚುವುದನ್ನು ತಪ್ಪಿಸಬಲ್ಲದು.

ನಮ್ಮ ರಸ್ತೆಗಳ ಅಂಚಿನಲ್ಲಿ ಚಪ್ಪಡಿ ಮುಚ್ಚಿದ ಚರಂಡಿ, ಒಳಚರಂಡಿಯ ಮ್ಯಾನ್‌ಹೋಲ್, ಈಚೆಗಷ್ಟೇ ಅಗೆದು ಮುಚ್ಚಿದ ಗುಂಡಿಗಳಿರುತ್ತವೆ. ಅವು ಎಲ್ಲಿವೆ ಎಂದು ಕ್ರೇನಿನವರಿಗಿಂತ ಬೀದಿಯವರಿಗೇ ಚೆನ್ನಾಗಿ ಗೊತ್ತು. ತಿಳಿಸುವುದು ನಮ್ಮ ಕರ್ತವ್ಯ.

ತಂತಿಯ ಭಯ

ಉಕ್ಕಿನ ತೋಳು ವಿದ್ಯುತ್ ತಂತಿಗೆ ತಗುಲಿದರೆ ಇಡೀ ಕ್ರೇನು ವಿದ್ಯುತ್ ಹರಿಯುವ ವಸ್ತುವಾಗುತ್ತದೆ. 11 ಕಿಲೋವೋಲ್ಟ್ ತಂತಿಯ ಬಳಿ ಮುಟ್ಟದೆಯೂ ಅಪಾಯವುಂಟು. ಹಸಿ ಕೊಂಬೆಯೂ ವಿದ್ಯುತ್ ವಾಹಕವೇ. ಆದ್ದರಿಂದ ಮುಂಚಿತವಾಗಿ ವಿದ್ಯುತ್ ಕಂಪನಿಗೆ ತಿಳಿಸಿ, ಅವರ ಸಿಬ್ಬಂದಿಯೇ ಸರಬರಾಜು ನಿಲ್ಲಿಸಿದ ಮೇಲೆ ಕೆಲಸ ಆರಂಭವಾಗಬೇಕು. ಬೆಸ್ಕಾಂ ಸಹಾಯವಾಣಿ 1912. ಮನೆಯ ಮೈನ್ ಸ್ವಿಚ್ ಆರಿಸಿದರೆ ಬೀದಿಯ ತಂತಿಯಲ್ಲಿ ವಿದ್ಯುತ್ ನಿಲ್ಲುವುದಿಲ್ಲ.

ಒಂದು ವೇಳೆ ತೋಳು ತಂತಿಗೆ ತಗುಲಿಯೇಬಿಟ್ಟರೆ? ಚಾಲಕ ಒಳಗೇ ಕುಳಿತಿರಬೇಕು. ಬೇರೆ ಯಾರೂ ಕ್ರೇನಿನ ಹತ್ತಿರ ಸುಳಿಯಬಾರದು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಯಂತ್ರವನ್ನೂ ನೆಲವನ್ನೂ ಏಕಕಾಲಕ್ಕೆ ಮುಟ್ಟದಂತೆ, ಎರಡೂ ಪಾದ ಜೋಡಿಸಿ ಹೊರಗೆ ಹಾರಬೇಕು. ಬಳಿಕ ಪಾದಗಳನ್ನು ನೆಲದಿಂದ ಎತ್ತದೆ ಪುಟ್ಟಪುಟ್ಟದಾಗಿ ಸರಿಸುತ್ತ ದೂರ ಹೋಗಬೇಕು. ನೆಲದಲ್ಲಿ ಹರಡಿದ ವಿದ್ಯುತ್ತಿನ ಒತ್ತಡ ಜಾಗದಿಂದ ಜಾಗಕ್ಕೆ ಬೇರೆ. ದಾಪುಗಾಲು ಹಾಕಿದರೆ ಒಂದು ಕಾಲಿನಿಂದ ಇನ್ನೊಂದಕ್ಕೆ ವಿದ್ಯುತ್ ದೇಹದ ಮೂಲಕ ಹರಿಯುತ್ತದೆ.

ಕೊಯ್ಯುವ ಕ್ಷಣ

ಬೆಲ್ಟನ್ನು ತುಂಡಿನ ಗುರುತ್ವ ಕೇಂದ್ರಕ್ಕಿಂತ ಮೇಲೆ ಕಟ್ಟಬೇಕು. ಕೊಕ್ಕೆ ಅದರ ನೇರ ಮೇಲಿರಬೇಕು. ಇಲ್ಲವಾದರೆ ಬಿಡುಗಡೆಯಾದ ತುಂಡು ಲೋಲಕದಂತೆ ತೂಗಿ ಗೋಡೆಗೋ ಮರದ ಮೇಲಿರುವವನಿಗೋ ಅಪ್ಪಳಿಸುತ್ತದೆ. ಕೊಯ್ಯುವ ಮೊದಲು ಕ್ರೇನು ತುಂಡಿನ ತೂಕದಷ್ಟೇ ಎಳೆತ ಕೊಟ್ಟು ನಿಲ್ಲಬೇಕು. ಎಳೆತ ಕಡಿಮೆಯಾದರೆ ತುಂಡು ಗರಗಸದ ಮೇಲೆ ಕೂರುತ್ತದೆ. ಹೆಚ್ಚಾದರೆ ಬಾಗಿದ ತೋಳು ಬಿಲ್ಲಿನಂತೆ ಚಿಮ್ಮಿ, ತುಂಡು ಮೇಲಕ್ಕೆ ನೆಗೆಯುತ್ತದೆ. ತೂಕದ ಲೆಕ್ಕ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ.

ಕ್ರೇನಿನಿಂದ ಮರವನ್ನು ಜಗ್ಗಿ ಕೀಳಿಸುವುದನ್ನು ಅಲ್ಲಲ್ಲಿ ಕಾಣುತ್ತೇವೆ. ಇದು ಸರ್ವಥಾ ಸಲ್ಲದು. ಬೇರಿನ ಹಿಡಿತಕ್ಕೆ ಯಾವ ಚಾರ್ಟಿನಲ್ಲೂ ಲೆಕ್ಕವಿಲ್ಲ. ಕ್ರೇನಿನ ತೋಳು ನೇರ ಮೇಲಕ್ಕೆ ಎತ್ತಲು ಮಾಡಿದ್ದೇ ಹೊರತು ಅಡ್ಡಕ್ಕೆ ಎಳೆಯಲು ಅಲ್ಲ.

ಗಾಳಿಗೆ ಉರುಳಿದ ಮರದಲ್ಲಿ ಇನ್ನೊಂದು ಅಪಾಯ ಅಡಗಿದೆ. ಮಣ್ಣುಸಮೇತ ಎದ್ದುನಿಂತ ಬೇರಿನ ಗಡ್ಡೆಯನ್ನು ಕಾಂಡದ ಭಾರ ಹಿಡಿದಿಟ್ಟಿರುತ್ತದೆ. ಕಾಂಡ ಕೊಯ್ದೊಡನೆ ಗಡ್ಡೆ ತಟ್ಟನೆ ಗುಂಡಿಗೆ ಮರಳಬಹುದು. ಕುತೂಹಲದಿಂದ ಆ ಗುಂಡಿಗೆ ಇಳಿಯುವ ಮಕ್ಕಳನ್ನು ದೂರವಿಡಿ.

ಮರ ಹತ್ತುವವನ ಹಕ್ಕು

ಈ ಕೆಲಸದಲ್ಲಿ ಎಲ್ಲರಿಗಿಂತ ಹೆಚ್ಚು ಅಪಾಯಕ್ಕೆ ಒಡ್ಡಿಕೊಳ್ಳುವವನು ಗರಗಸ ಹಿಡಿದು ಮೇಲಿರುವ ಕೂಲಿಕಾರ. ಅವನ ಸೊಂಟಕ್ಕೊಂದು ಹಗ್ಗ ಬಿಗಿದು, ತಲೆಗೆ ಟವೆಲ್ ಸುತ್ತಿ ಕಳಿಸುವುದು ರೂಢಿ. ಹೆಲ್ಮೆಟ್ಟು ಮತ್ತು ಮೈಗೆ ತೊಡುವ ಸುರಕ್ಷಾ ಪಟ್ಟಿ ಇಲ್ಲದೆ ಅವನನ್ನು ಹತ್ತಿಸಬಾರದು. ಎತ್ತಲಿರುವ ತುಂಡಿಗೆ ಅವನ ಹಗ್ಗ ಎಂದೂ ಸೇರಿರಬಾರದು. ಮರ ಹತ್ತಲಾಗದಷ್ಟು ಕೊಳೆತಿದ್ದರೆ ತೊಟ್ಟಿಯಲ್ಲಿ ನಿಂತು ಕೆಲಸ ಮಾಡುವ ಲಿಫ್ಟ್ ವಾಹನವನ್ನು ತರಿಸಬೇಕು. ಕ್ರೇನಿಗೆ ಸನ್ನೆ ಮಾಡುವವನು ಒಬ್ಬನೇ ಇರಬೇಕು; 'ನಿಲ್ಲಿಸು' ಎಂಬ ಸನ್ನೆ ಮಾತ್ರ ಯಾರು ಮಾಡಿದರೂ ನಿಲ್ಲಬೇಕು. ಗಾಳಿ ಎದ್ದರೆ ಅಂದಿನ ಕೆಲಸ ಅಲ್ಲಿಗೆ ಮುಗಿಯಿತು. ಗಾಳಿಯ ವೇಗ ಎರಡರಷ್ಟಾದರೆ ತೂಗುತ್ತಿರುವ ಕೊಂಬೆಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ.

ಮೂವರ ಬಳಿ ದರ ಕೇಳಿ, ಎಲ್ಲರಿಗಿಂತ ಕಡಿಮೆ ಹೇಳಿದವನಿಗೆ ಕೆಲಸ ಒಪ್ಪಿಸುವುದು ನಮ್ಮ ಅಭ್ಯಾಸ. ಈ ಒಂದು ಕೆಲಸದಲ್ಲಿ ದರದ ಜೊತೆಗೆ ಇನ್ನೂ ನಾಲ್ಕು ಪ್ರಶ್ನೆ ಕೇಳೋಣ. ದೊಡ್ಡ ತುಂಡಿನ ತೂಕವೆಷ್ಟು? ಅಷ್ಟು ದೂರಕ್ಕೆ ನಿಮ್ಮ ಕ್ರೇನಿನ ಚಾರ್ಟ್ ಏನು ಹೇಳುತ್ತದೆ? ಜಾಕ್ ಎಲ್ಲಿ ಊರುತ್ತೀರಿ? ಮೇಲೆ ಹೋಗುವವನಿಗೆ ಸುರಕ್ಷಾ ಪಟ್ಟಿ ಮತ್ತು ವಿಮೆ ಇದೆಯೇ? ಉತ್ತರ ಬಾರದಿದ್ದರೆ ಬೇರೆಯವರನ್ನು ಹುಡುಕುವುದು ಮೇಲು.

ಮರ ತೆಗೆಯಲು ಅನುಮತಿ ಪಡೆದವರ ಮೇಲೆ ಬದಲಿ ಗಿಡ ನೆಡುವ ಹೊಣೆಯನ್ನೂ ಕಾಯಿದೆ ಹೊರಿಸುತ್ತದೆ. ತಂತಿಯ ಕೆಳಗಾದರೆ ದಾಸವಾಳ, ಪಾರಿಜಾತ, ಸಂಪಿಗೆಗಿಂತ ಕುಳ್ಳಾದ ಯಾವುದಾದರೂ ಹೂಗಿಡ ಸಾಕು. ಜಾಗವಿರುವ ಕಡೆ ಹೊಂಗೆ, ಬೇವು ನೆಡಿ. ಬುಡದ ಸುತ್ತ ಒಂದು ಮೀಟರಿನಷ್ಟಾದರೂ ಬರೀ ಮಣ್ಣು ಬಿಡಿ. ನಲವತ್ತು ವರ್ಷದ ಬಳಿಕ ಆ ಮನೆಯಲ್ಲಿರುವವರು ಕ್ರೇನು ಕರೆಸಬೇಕಾಗದಂತೆ ಇಂದೇ ನೋಡಿಕೊಂಡಂತಾಗುತ್ತದೆ.